ಅತ್ತೆ ಒತ್ತಿದ ಬ್ರೇಕು

ನಾನು ಕಾರು ಬಿಡಲು ಕಲಿತದ್ದು ಮೂವತ್ತೆಂಟನೆಯ ವಯಸ್ಸಿನಲ್ಲಿ. ಆಸೆಗಿಂತ ಹಠವೇ ಹೆಚ್ಚಿತ್ತು. ಕಾರು ಕೊಂಡವರು ನನ್ನ ಗಂಡ. ಕೊಂಡ ವರ್ಷವೇ ಬ್ಯಾಂಕಿನವರು ಅವರನ್ನು ಬಿಜಾಪುರದ ಕಡೆಗೆ ವರ್ಗ ಮಾಡಿದರು. ಆ ಬಿಳಿಯ ಸೆಕೆಂಡ್ ಹ್ಯಾಂಡ್ ಕಾರು ಕಾಪುವಿನ ನಮ್ಮ ಮನೆಯ ಅಂಗಳದಲ್ಲಿ, ತೆಂಗಿನ ಮಡಲಿನ ಚಪ್ಪರದಡಿ, ಮದುವೆ ನಿಂತುಹೋದ ಮನೆಯ ಬಾಳೆಗೊನೆಯ ಹಾಗೆ ಸುಮ್ಮನೆ ಹಾಳಾಗುತ್ತಿತ್ತು. ಸಮುದ್ರ ಅರ್ಧ ಮೈಲಿ ದೂರ. ಆ ಉಪ್ಪುಗಾಳಿಗೆ ನಮ್ಮಲ್ಲಿ ಕಬ್ಬಿಣ ಎಂಬುದೆಲ್ಲ ತಾತ್ಕಾಲಿಕ.

ವಾರದ ದಿನಗಳಲ್ಲಿ ಮನೆಯಲ್ಲಿ ಇರುತ್ತಿದ್ದವರು ಮೂವರು: ಅತ್ತೆ, ಗಂಡನ ಅಣ್ಣ, ಮತ್ತು ನಾನು. ಗಂಡನ ಅಣ್ಣನನ್ನು ನಾನು ಭಾವ ಎಂದು ಕರೆಯುವುದು. ಮದುವೆಯಾದವರಲ್ಲ, ಉಡುಪಿಯ ಒಂದು ಕಚೇರಿಯಲ್ಲಿ ಹೆಡ್ ಕ್ಲಾರ್ಕ್. ಕೆಟ್ಟವರೇನಲ್ಲ. ಆದರೆ ಜಗತ್ತಿನ ಎಲ್ಲ ತಾಪತ್ರಯಗಳೂ ಯಾರೋ ಸುಮ್ಮನಿರಲಾರದೆ ಏನೋ ಮಾಡಹೊರಟದ್ದರಿಂದ ಹುಟ್ಟುತ್ತವೆ ಎಂದು ಗಟ್ಟಿಯಾಗಿ ನಂಬಿದವರು. ಕಾರು ಮಾರಿಬಿಡುವುದೆಂದು ಗಿರಾಕಿಯನ್ನೂ ನೋಡಿಟ್ಟಿದ್ದರು. ನಾನು ಉಡುಪಿಯ ಡ್ರೈವಿಂಗ್ ಸ್ಕೂಲಿಗೆ ಹೋಗಿ ಲೈಸೆನ್ಸ್ ತಂದು ಅವರ ಊಟದ ಎಲೆಯ ಪಕ್ಕ ಇಟ್ಟಾಗ ಎರಡು ತುತ್ತು ಉಂಡು ಹೇಳಿದರು: "ಓಡಿಸು. ಆದರೆ ಇದರಿಂದ ಒಂದು ದಿನ ತೊಂದರೆ ಅಂತ ಆದ್ರೆ ಆ ದಿನವೇ ಮಾರುವುದು. ಮತ್ತೆ ಮಾತಿಲ್ಲ."

ಮನೆಯಲ್ಲಿ ನಮ್ಮದು ತುಳು. ಮಾತುಗಳನ್ನು ನಮ್ಮ ಕಡೆಯ ಕನ್ನಡಕ್ಕೆ ತಂದು ಬರೆಯುತ್ತಿದ್ದೇನೆ. ಭಾವನ ಆ ಮಾತು ಮಾತ್ರ ಯಾವ ಭಾಷೆಯಲ್ಲಿ ಬರೆದರೂ ಅಷ್ಟೇ ಖಡಕ್ಕಾಗಿರುತ್ತದೆ.

ನಾನು ಕಾರ್ಕಳದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರ್ ಆಗಿದ್ದೆ. ಮೊದಲು ಎರಡು ಬಸ್ಸು ಬದಲಿಸಿ, ಸೆರಗು ಯಾರದೋ ಬುಟ್ಟಿಗೆ ಸಿಕ್ಕಿಕೊಂಡು, ಒಂದನೇ ಪಿರಿಯಡ್ಡಿಗೆ ಏದುಸಿರು ಬಿಡುತ್ತ ಹೋಗುತ್ತಿದ್ದವಳು, ಕಾರು ಕೈಗೆ ಬಂದ ಮೇಲೆ ಶಿರ್ವ, ಬೆಳ್ಮಣ್ಣು ದಾಟಿ ಮನಸ್ಸಿಗೆ ಬಂದ ಹಾಗೆ ಹೋಗುತ್ತಿದ್ದೆ. ದಾರಿಯಲ್ಲಿ ಒಂದು ಗೇರುಮರದ ಕೆಳಗೆ ನಿಲ್ಲಿಸಿ ಐದು ನಿಮಿಷ ಸುಮ್ಮನೆ ಕೂರುವುದೂ ಇತ್ತು. ಮದುವೆಯಾಗಿ ಹದಿನಾಲ್ಕು ವರ್ಷಗಳಲ್ಲಿ ನನಗೆ ಸಿಕ್ಕಿದ ಒಂಟಿ ಐದು ನಿಮಿಷಗಳು ಅವೇ.

ಅತ್ತೆಗೆ ಆಗ ಎಪ್ಪತ್ತರ ಹತ್ತಿರ. ಕಣ್ಣಿನ ಒತ್ತಡದ ಕಾಯಿಲೆ. ತಿಂಗಳಿಗೊಮ್ಮೆ ಮಣಿಪಾಲದ ಆಸ್ಪತ್ರೆಗೆ ಹೋಗಬೇಕು. ಮೊದಲು ಭಾವನ ರಜೆಗೆ ಕಾದು, ಬಸ್ಸಿನಲ್ಲಿ ಅವರ ಹಿಂದೆ ಮಾತಿಲ್ಲದೆ ಹೋಗಿ ಬರುತ್ತಿದ್ದರು. ಈಗ ನನ್ನ ಪಕ್ಕದ ಸೀಟಿನಲ್ಲಿ ರಾಣಿಯ ಹಾಗೆ ಕೂರುತ್ತಿದ್ದರು. ಮಾವ ತೀರಿದ ಮೇಲೆ ಹೊರಗಿನ ಒಂದು ಲೋಟ ನೀರೂ ಮುಟ್ಟದವರು ಅವರು. ಒಂದು ದಿನ ಬರುವಾಗ ಉಡುಪಿಯ ಕಲ್ಸಂಕದ ಹತ್ತಿರ, ಹೋಟೆಲಿನಲ್ಲಿ ಮೈದಾಹಿಟ್ಟಿನ ಗೋಳಿಬಜೆ ಕರಿಯುವ ಪರಿಮಳ ಒಳಗೆ ಬಂತು. ಗೋಳಿಬಜೆಗೆ ನೀರುಳ್ಳಿ ಹಾಕುತ್ತಾರಾ ಎಂದು ಕೇಳಿದರು. ಇಲ್ಲ ಎಂದೆ. ಸ್ವಲ್ಪ ಹೊತ್ತು ಬಿಟ್ಟು, ಕಾರಿನೊಳಗೆ ಕೂತು ತಿಂದರೆ ಅದು ಹೊರಗೆ ತಿಂದ ಹಾಗಲ್ಲ ಅಲ್ವಾ ಎಂದರು. ಅಲ್ಲವೇ ಅಲ್ಲ ಎಂದೆ. ಅಂದಿನಿಂದ ಪ್ರತಿ ತಿಂಗಳೂ ಗ್ಲಾಸು ಏರಿಸಿಕೊಂಡು ನಾಲ್ಕು ಗೋಳಿಬಜೆ. ಆಮೇಲೆ ಕಾಪುವಿನ ದೀಪಸ್ತಂಭದ ಎದುರು ಕಾರು ನಿಲ್ಲಿಸಿ ಸಮುದ್ರ ನೋಡುವುದು. ಅರ್ಧ ಮೈಲಿ ದೂರದಲ್ಲಿ ಐವತ್ತು ವರ್ಷ ಬದುಕಿದ್ದರೂ ಸಾವಿನ ಸ್ನಾನ, ಗ್ರಹಣದ ಸ್ನಾನ ಬಿಟ್ಟು ಅವರು ಸಮುದ್ರಕ್ಕೆ ಹೋದವರಲ್ಲ. ಈ ಕಾರು ಹೋದರೆ ನನಗಿಂತ ಅವರಿಗೇ ಹೆಚ್ಚು ನಷ್ಟ ಎಂದು ನನಗೆ ಆಗಲೇ ಗೊತ್ತಿತ್ತು.

ತೊಂಬತ್ತೊಂಬತ್ತರ ಮಳೆಗಾಲ ಮುಗಿದ ಹೊಸತು. ಮಣಿಪಾಲದಿಂದ ಇಳಿದು ಬರುವಾಗ ಇಂದ್ರಾಳಿಯ ಇಳಿಜಾರಿನಲ್ಲಿ ಬ್ರೇಕ್ ಒತ್ತಿದೆ. ಪೆಡಲು ಕೆಸರಿನಲ್ಲಿ ಕಾಲಿಟ್ಟ ಹಾಗೆ ಮೆತ್ತಗೆ ನೆಲದವರೆಗೆ ಹೋಯಿತು. ಎದುರಿನಲ್ಲಿ ಜನ ಇಳಿಸುತ್ತ ನಿಂತ ಸಿಟಿ ಬಸ್ಸು. ಕಾಲು ಎತ್ತಿ ಮತ್ತೊಮ್ಮೆ ಒತ್ತಿದೆ, ಹಿಡಿಯಿತು. ಬಸ್ಸಿಗೂ ನಮಗೂ ನಡುವೆ ಒಂದು ಕೊಡಪಾನ ಇಡುವಷ್ಟು ಜಾಗ ಉಳಿದಿತ್ತು. ಜೀವ ಬಾಯಿಗೆ ಬಂದದ್ದು ಮತ್ತೆ ಒಳಗೆ ಹೋಗಲು ಉಡುಪಿ ದಾಟಬೇಕಾಯಿತು. ಅತ್ತೆ ಕಣ್ಣಿಗೆ ಔಷಧಿ ಹಾಕಿಸಿಕೊಂಡು ಕಪ್ಪು ಕನ್ನಡಕದಲ್ಲಿದ್ದರು. ಏನೂ ಕಂಡಿರಲಾರದು ಎಂದುಕೊಂಡು, ಗೋಳಿಬಜೆಗೂ ನಿಲ್ಲಿಸದೆ, ಸಣ್ಣ ಗೇರಿನಲ್ಲಿ ತೆವಳಿಕೊಂಡು ಕಾಪು ಮುಟ್ಟಿಸಿದೆ. ಇಳಿಯುವಾಗ ಅವರು ನನ್ನ ಮೊಣಕೈ ಹಿಡಿದುಕೊಂಡು ಮೆಲ್ಲಗೆ ಹೇಳಿದರು:

"ಎರಡು ಸಲ ಒತ್ತಿದಿ. ಅವನಿಗೆ ಹೇಳ್ಬೇಡ."

ಮುಂದಿನ ಐದು ದಿನ ನಾನು ಬಸ್ಸಿನಲ್ಲಿ ಹೋದೆ. ಕಾರಿನಲ್ಲಿ ಕೂತು ಸೊಂಟ ಹಿಡಿದಿದೆ ಎಂದು ಭಾವನಿಗೆ ಹೇಳಿದೆ. ಅವರು ಸಂತೋಷದಿಂದ ನಂಬಿದರು. ಬಸ್ಸಿನಲ್ಲಿ ನೇತಾಡುತ್ತ ನಾನು ಇದನ್ನೇ ಅಳೆದು ಸುರಿದೆ: ಯಾರಿಂದ ರಿಪೇರಿ ಮಾಡಿಸುವುದು?

ಕಾಪುವಿನ ಗ್ಯಾರೇಜಿನವನು ಭಾವನ ಸಹಪಾಠಿ. ಬೆಳಗ್ಗೆ ಕಾರು ಅಲ್ಲಿ ಹೊಕ್ಕರೆ ಸಂಜೆ ಚಾದ ಜೊತೆ ಸುದ್ದಿ ಭಾವನಿಗೆ ಮುಟ್ಟುತ್ತದೆ. ಅಲ್ಲಿಗೆ ಕಥೆ ಮುಗಿಯಿತು. ಉಡುಪಿಯ ಗ್ಯಾರೇಜಿಗೆ ಒಯ್ಯೋಣವೆಂದರೆ ಬ್ರೇಕಿಲ್ಲದ ಕಾರನ್ನು ಹೆದ್ದಾರಿಯಲ್ಲಿ ಓಡಿಸಿಕೊಂಡೇ ಒಯ್ಯಬೇಕು. ಮೆಕ್ಯಾನಿಕ್ಕನ್ನು ಮನೆಗೆ ಕರೆಸಿದರೆ ನೋಡಲು ಇಡೀ ಕೇರಿ ಬರುತ್ತದೆ. ಉಳಿದದ್ದು ನಾನು. ಹತ್ತನೇ ತರಗತಿಗೆ ವರ್ಷವರ್ಷವೂ ಪ್ಯಾಸ್ಕಲನ ನಿಯಮ ಪಾಠ ಮಾಡುವವಳು. ಹೈಡ್ರಾಲಿಕ್ ಬ್ರೇಕಿನ ಚಿತ್ರ ಕಣ್ಣು ಮುಚ್ಚಿ ಬೋರ್ಡಿನ ಮೇಲೆ ಬರೆಯುವವಳು. ಮುಚ್ಚಿದ ದ್ರವದ ಒಂದು ಕಡೆ ಒತ್ತಿದರೆ ಎಲ್ಲ ಕಡೆಗೂ ಸಮಾನವಾಗಿ ಒತ್ತಡ ಹೋಗುತ್ತದೆ. ಹೋಗುತ್ತಿಲ್ಲವೆಂದರೆ ಎಲ್ಲೋ ಸೋರಿ ಗಾಳಿ ಹೊಕ್ಕಿದೆ. ಇಷ್ಟು ಗೊತ್ತಿದ್ದ ಮೇಲೆ ಸ್ಪ್ಯಾನರ್ ಹಿಡಿಯುವುದು ಏನು ಮಹಾ ಎಂದು ಒಂದು ಮನಸ್ಸು. ಬೋರ್ಡಿನ ಮೇಲಿನ ಕಾರು ತಪ್ಪಿದರೆ ಡಸ್ಟರಿನಲ್ಲಿ ಒರೆಸಬಹುದು, ಇದನ್ನು ಒರೆಸಲಾಗದು ಎಂದು ಇನ್ನೊಂದು. ನನ್ನ ಪ್ರಾಣದ ಮಟ್ಟಿಗೆ ನಾನು ಧೈರ್ಯವಂತೆ. ಪಕ್ಕದ ಸೀಟಿನಲ್ಲಿ ಅತ್ತೆಯನ್ನು ನೆನೆಸಿಕೊಂಡರೆ ಆ ಧೈರ್ಯ ಇರಲಿಲ್ಲ.

ಶುಕ್ರವಾರ ಹಿಂದಿನ ಎಡಚಕ್ರದ ಒಳಮೈಗೆ ಬೆರಳಾಡಿಸಿ ನೋಡಿದೆ. ಒದ್ದೆ. ರೋಗ ಸಿಕ್ಕಿದ ಮೇಲೆ ಔಷಧಿ ಕೊಡದಿರಲು ನನ್ನಂಥ ಅಹಂಕಾರಿಗೆ ಆಗುವುದಿಲ್ಲ. ಶನಿವಾರ ಶಾಲೆ ಬಿಟ್ಟು ಉಡುಪಿಯ ಬಿಡಿಭಾಗದ ಅಂಗಡಿಗೆ ಹೋಗಿ ಹೊಸ ಬ್ರೇಕ್ ಶೂ, ಬ್ರೇಕ್ ಆಯಿಲಿನ ಡಬ್ಬಿ, ಒಂದು ರಬ್ಬರ್ ಕಿಟ್ ತಂದೆ. ಯಾವ ಗ್ಯಾರೇಜಿಗೆ ಎಂದು ಅಂಗಡಿಯವರು ಕೇಳಿದರು. ಮನೆಗೆ ಎಂದೆ. ಅವರು ಕನ್ನಡಕದ ಮೇಲಿನಿಂದ ನೋಡಿ, ಪೊಟ್ಟಣ ಕಟ್ಟಿ ಕೊಟ್ಟರು.

ಭಾನುವಾರ ಭಾವ ಮಟ್ಟುವಿಗೆ ಉಪನಯನದ ಊಟಕ್ಕೆ ಹೊರಟರು. ಅವರು ಗೇಟು ದಾಟಿದ್ದೇ ನಾನು ಗಂಡನ ಹಳೆಯ ಅಂಗಿ ಹಾಕಿಕೊಂಡು, ಮುಂದಿನ ಚಕ್ರಗಳಿಗೆ ಕಲ್ಲು ಕೊಟ್ಟು ಜಾಕ್ ಏರಿಸಿದೆ. ಚಕ್ರ ತೆಗೆಯುವಷ್ಟರಲ್ಲಿ ಅತ್ತೆ ಬಂದರು. ಪೂಜೆ ಮುಗಿಸಿ, ಮಡಿ ಬಿಚ್ಚಿ, ಸೆಗಣಿ ಸಾರಿಸುವಾಗ ಉಡುವ ಹಳೆಯ ಸೀರೆ ಉಟ್ಟಿದ್ದರು. ನಾನು ಹೇಳಿ ಕರೆದದ್ದಲ್ಲ. ನಾನು ಏನು ಮಾಡಬೇಕು ಹೇಳು ಎಂದು ಮಣೆ ಎಳೆದು ಕೂತರು.

ಚಕ್ರದ ಹಿಂದೆ ಬ್ರೇಕನ್ನು ಮುಚ್ಚಿಕೊಂಡಿರುವ ಕಬ್ಬಿಣದ ಡ್ರಮ್ ತುಕ್ಕು ಹಿಡಿದು ಜಪ್ಪಯ್ಯ ಎಂದರೂ ಬರಲಿಲ್ಲ. ಒಂದು ಗಂಟೆ ಸುತ್ತಿಗೆಯಲ್ಲಿ ಬಡಿದ ಮೇಲೆ ಬಂತು. ಒಳಗೆ ಹೆಬ್ಬೆರಳಿನಷ್ಟು ದಪ್ಪದ ಒಂದು ಸಿಲಿಂಡರ್. ಅದರ ಎರಡು ತುದಿಗಳಲ್ಲಿ ಕುಂಕುಮದ ಭರಣಿಯ ಮುಚ್ಚಳದಷ್ಟು ದೊಡ್ಡ ಎರಡು ರಬ್ಬರ್ ಕಪ್ಪುಗಳು. ಬ್ರೇಕ್ ಆಯಿಲನ್ನು ತಡೆದು ಹಿಡಿಯುವುದು ಅವೇ. ಹಳೆಯವು ಸವೆದು ಹರಿದಿದ್ದವು. ಹೊಸತನ್ನು ಕೂರಿಸಲು ನೋಡಿದೆ, ಬಿಗಿ, ಜಾರುತ್ತಿಲ್ಲ.

ನಮ್ಮ ಮನೆಯಲ್ಲಿ ಬಿಗಿಯಾದದ್ದಕ್ಕೆಲ್ಲ ಮದ್ದು ಒಂದೇ. ಬಾಗಿಲ ತಿರುಗಣೆಗೆ, ಬೀಗಕ್ಕೆ, ಬಾವಿಯ ರಾಟೆಗೆ, ಕುಕ್ಕರಿನ ರಬ್ಬರಿಗೆ, ಪಂಪ್ ಸ್ಟೌವಿನ ವಾಷರಿಗೆ, ಎಲ್ಲದಕ್ಕೂ ತೆಂಗಿನೆಣ್ಣೆ. ಕೈಗೆ ಅದೇ ಅಭ್ಯಾಸ. ಅತ್ತೆ, ಸ್ವಲ್ಪ ಎಣ್ಣೆ ಕೊಡಿ ಎಂದೆ. ಅವರು ಒಳಗಿನಿಂದ ಬಟ್ಟಲು ತಂದು, ಕೊಡುವ ಮೊದಲು ಒಂದು ಕ್ಷಣ ತಡೆದರು.

"ಇದಕ್ಕೆ ಈ ಎಣ್ಣೆ ಆಗ್ತದಾ ಮಾರಾಯ್ತಿ?"

"ರಬ್ಬರಿಗೆ ಎಣ್ಣೆ ಒಳ್ಳೆಯದು ಅತ್ತೆ," ಎಂದೆ. ಕ್ಲಾಸಿನಲ್ಲಿ ಹೇಳುವ ಅದೇ ದನಿಯಲ್ಲಿ. ಅವರು ಕೊಟ್ಟರು. ನಾನು ಎರಡೂ ಕಪ್ಪುಗಳನ್ನು ಚೆನ್ನಾಗಿ ಎಣ್ಣೆಯಲ್ಲಿ ಹೊರಳಿಸಿ ಕೂರಿಸಿದೆ. ಬೆಣ್ಣೆಯಂತೆ ಜಾರಿ ಕೂತವು.

ಹೊಸ ಶೂ, ಡ್ರಮ್ ಜೋಡಿಸಿ ಬ್ರೇಕ್ ಆಯಿಲ್ ತುಂಬಿಸಿದೆ. ಇನ್ನು ಒಳಹೊಕ್ಕ ಗಾಳಿ ತೆಗೆಯುವುದು. ಅದಕ್ಕೆ ಇಬ್ಬರು ಬೇಕು. ಒಬ್ಬರು ಪೆಡಲು ಒತ್ತಿ ಹಿಡಿಯಬೇಕು. ಇನ್ನೊಬ್ಬರು ಚಕ್ರದ ಹತ್ತಿರದ ಸಣ್ಣ ತಿರುಪು ಬಿಚ್ಚಿ, ಗಾಳಿ ಗುಳ್ಳೆಗುಳ್ಳೆಯಾಗಿ ಹೊರಬಂದದ್ದೇ ಬಿಗಿಯಬೇಕು. ಆಮೇಲೆಯೇ ಪೆಡಲು ಬಿಡಬೇಕು. ಲೆಕ್ಕ ತಪ್ಪಿದರೆ ಹೊರಗಿನ ಗಾಳಿ ಮತ್ತೆ ಒಳಗೆ. ಅತ್ತೆ ಜೀವಮಾನದಲ್ಲೇ ಮೊದಲ ಬಾರಿ ಡ್ರೈವರ್ ಸೀಟಿನಲ್ಲಿ ಕೂತರು. ಸೀರೆಯನ್ನು ಮೊಣಕಾಲಿಗೆ ಸಿಕ್ಕಿಸಿ, ಬರಿಗಾಲನ್ನು ಪೆಡಲಿನ ಮೇಲಿಟ್ಟು, ಸ್ಟಿಯರಿಂಗನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಹೇಗೆಂದು ಹೇಳಿಕೊಡಬೇಕಾಗಲಿಲ್ಲ. ಶನಿವಾರದ ಫಲಾಹಾರಕ್ಕೆ ನಾವಿಬ್ಬರೂ ಹದಿನಾಲ್ಕು ವರ್ಷ ಸೇಮಿಗೆ, ಅಂದರೆ ಅಕ್ಕಿ ಶಾವಿಗೆ, ಒತ್ತಿದವರು. ಒಬ್ಬರು ಸೇಮಿಗೆ ಮಣೆಯ ಹಿಡಿಕೆ ತಿರುಗಿಸಿ ಒತ್ತುವುದು, ಇನ್ನೊಬ್ಬರು ಅಡಿಯಲ್ಲಿ ಬಾಳೆಲೆ ಹಿಡಿದು ಸಾಕು ಎನ್ನುವುದು. ಒತ್ತಿ, ಹಿಡೀರಿ, ಬಿಡಿ. ಒತ್ತಿ, ಹಿಡೀರಿ, ಬಿಡಿ. ಕಾರಿನ ಅಡಿಯಿಂದ ನಾನು ಹೇಳುತ್ತ ಹೋದೆ. ಮೇಲಿನಿಂದ ಅವರು ಪ್ರತಿ ಸಲವೂ ಹ್ಞೂಂ ಎನ್ನುತ್ತಿದ್ದರು. ಹದಿನೈದು ಇಪ್ಪತ್ತು ಸಲದ ಮೇಲೆ ಗುಳ್ಳೆ ನಿಂತಿತು. ಈಗ ಕಲ್ಲಿನ ಹಾಗೆ ಉಂಟು ಎಂದು ಅವರೇ ಹೇಳಿದರು. ಆ ಹೊತ್ತಿನ ಸಂತೋಷ ನನಗೆ ಬಿ.ಎಸ್ಸಿ. ಪಾಸಾದಾಗಲೂ ಆಗಿರಲಿಲ್ಲ.

ಮೊದಲು ಒಬ್ಬಳೇ ಓಡಿಸಿ ನೋಡುವುದೆಂದು ನಿಶ್ಚಯಿಸಿದ್ದೆ. ಅತ್ತೆ ಪಕ್ಕದ ಸೀಟಿಗೆ ಸರಿದು ಬಾಗಿಲು ಹಾಕಿಕೊಂಡರು. ಇಳಿಯಿರಿ ಎಂದೆ, ಬೇಡಿಕೊಂಡೆ, ಸಿಟ್ಟು ಮಾಡಿದೆ. ಅವರು ಎದುರಿನ ಗಾಜು ನೋಡುತ್ತ ಹೇಳಿದರು: "ಒತ್ತಿದ್ದು ನಾನಲ್ವಾ? ಹಿಡಿಯದಿದ್ರೆ ನಾನೂ ಇರ್ಬೇಕು." ದೀಪಸ್ತಂಭದ ದಾರಿಯಲ್ಲಿ ಹತ್ತು ಸಲ ಓಡಿಸಿ, ಹತ್ತು ಸಲ ನಿಲ್ಲಿಸಿದೆ. ಹತ್ತೂ ಸಲ ನಿಂತಿತು. ಭಾವ ಸಂಜೆ ಮಟ್ಟುವಿನ ಗುಳ್ಳ ಬದನೆ ಹಿಡಿದುಕೊಂಡು ಬರುವಾಗ ನಾವು ಕೈಕಾಲು ತೊಳೆದು ಏನೂ ಅರಿಯದವರ ಹಾಗೆ ಜಗಲಿಯಲ್ಲಿ ಹೂ ಕಟ್ಟುತ್ತಿದ್ದೆವು. ಉಗುರಿನ ಸಂದಿಯ ಕಪ್ಪು ಮಾತ್ರ ಇಬ್ಬರಿಗೂ ಹೋಗಿರಲಿಲ್ಲ.

ಹನ್ನೆರಡು ದಿನ ಬ್ರೇಕು ಬಂಗಾರದ ಹಾಗಿತ್ತು. ಹದಿಮೂರನೆಯ ದಿನ ಶನಿವಾರ. ಅತ್ತೆಯ ತವರು ಕಾರ್ಕಳ. ನಾನು ಪಾಠ ಮುಗಿಸುವವರೆಗೆ ತಮ್ಮನ ಮನೆಯಲ್ಲಿರುತ್ತೇನೆಂದು ನನ್ನ ಜೊತೆ ಹೊರಟಿದ್ದರು. ಶಿರ್ವ ದಾಟುವಾಗ ಕಾರು ಯಾಕೋ ಎಳೆಯುತ್ತಿಲ್ಲ ಅನ್ನಿಸಿತು. ಬೆಳ್ಮಣ್ಣಿನ ಏರಿನಲ್ಲಿ ಸುಟ್ಟ ವಾಸನೆ. ಇಳಿದು ನೋಡಿದರೆ ಹಿಂದಿನ ಎಡಚಕ್ರದಿಂದ ಹೊಗೆ. ಬ್ರೇಕು ಹಿಡಿದದ್ದು ಬಿಡುತ್ತಲೇ ಇರಲಿಲ್ಲ. ನಮ್ಮನ್ನು ದಾಟಿ ಹೋದ ಬಸ್ಸಿನಲ್ಲಿ ಕಾಪುವಿನವರು ಯಾರೋ ಇದ್ದರು. ಭಾವನ ಕಚೇರಿಗೆ ಫೋನು ಹೋಯಿತು. ಒಂದು ಜೀಪಿನವರು ಕಾರನ್ನು ಮೆಲ್ಲಗೆ ಎಳೆದು ಕಾರ್ಕಳದ ಒಂದು ಗ್ಯಾರೇಜಿಗೆ ಮುಟ್ಟಿಸಿದರು.

ಮೆಕ್ಯಾನಿಕ್ ವಯಸ್ಸಾದವರು, ಮಿತಭಾಷಿ. ಡ್ರಮ್ ಬಿಚ್ಚಿ, ರಬ್ಬರ್ ಕಪ್ಪು ಹೊರಗೆ ತೆಗೆದು ಅಂಗೈಯಲ್ಲಿಟ್ಟು ತೋರಿಸಿದರು. ನೆನೆಹಾಕಿದ ಕಡಲೆಯ ಹಾಗೆ ಉಬ್ಬಿತ್ತು. ಮೂಸಿ ನೋಡಿದರು. ಬ್ರೇಕಿನ ರಬ್ಬರಿಗೆ ಬ್ರೇಕ್ ಆಯಿಲ್ ಬಿಟ್ಟು ಬೇರೆ ಎಣ್ಣೆ ಸೋಂಕಲೇಬಾರದು, ಹೀಗೆ ಉಬ್ಬಿ ಕಚ್ಚಿಕೊಳ್ಳುತ್ತದೆ ಎಂದು ತಿಳಿಸಿ ಹೇಳಿದರು. ಕಚ್ಚಿದ್ದು ನಿಮ್ಮ ಪುಣ್ಯ, ಹರಿದಿದ್ದರೆ ಆ ಏರಿನ ಆಚೆಗಿನ ಇಳಿಜಾರಿನಲ್ಲಿ ನಿಲ್ಲುತ್ತಿರಲಿಲ್ಲ ಎಂದೂ ಸೇರಿಸಿದರು. ಪುರಾಣ ಹೇಳುವುದಕ್ಕೆ, ಬದನೆಕಾಯಿ ತಿನ್ನುವುದಕ್ಕೆ ಎನ್ನುವುದು ನನ್ನಂಥವರಿಗೇ. ವರ್ಷವಿಡೀ ವಿಜ್ಞಾನ ಬೋಧಿಸಿ, ಬ್ರೇಕಿಗೆ ತಲೆಗೆ ಹಚ್ಚುವ ಎಣ್ಣೆ ಹಚ್ಚಿದವಳು ನಾನು. ಅತ್ತೆ ಅಲ್ಲೇ ಒಂದು ಹಳೆಯ ಟಯರಿನ ಮೇಲೆ ಕೂತು ಎಲ್ಲ ಕೇಳಿಸಿಕೊಳ್ಳುತ್ತಿದ್ದರು.

ಅಷ್ಟರಲ್ಲಿ ಭಾವ ಗ್ಯಾರೇಜು ಹುಡುಕಿಕೊಂಡು ಬಂದರು. ಉಡುಪಿಯಿಂದ ಬಸ್ಸು ಹತ್ತಿ ಬಂದವರು, ಬೆವರಿನಲ್ಲಿ ಅಂಗಿ ತೊಯ್ದಿತ್ತು. ಮೊದಲು ಅಮ್ಮನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಏನೂ ಆಗಿಲ್ಲವೆಂದು ಖಾತ್ರಿಯಾದ ಮೇಲೆ ಏನಾಯಿತೆಂದು ಮೆಕ್ಯಾನಿಕ್ಕನ್ನು ಕೇಳಿದರು. ಅವರು ಮುಚ್ಚುಮರೆಯಿಲ್ಲದೆ ಹೇಳಿದರು: ಮನೆಯಲ್ಲೇ ಯಾರೋ ಬಿಚ್ಚಿ ಜೋಡಿಸಿದ್ದಾರೆ, ಕೆಲಸ ಶುದ್ಧ ಉಂಟು, ಆದರೆ ರಬ್ಬರಿಗೆ ತೆಂಗಿನೆಣ್ಣೆ ಹಾಕಿದ್ದಾರೆ. ಭಾವ ನನ್ನ ಕಡೆ ತಿರುಗಿ ಕೈ ಚಾಚಿದರು, ಕೀಗಾಗಿ. ನಾನು ಕೀ ತೆಗೆಯಲು ಬ್ಯಾಗಿಗೆ ಕೈ ಹಾಕಿಯೂ ಆಗಿತ್ತು.

"ಎಣ್ಣೆ ಹಾಕಿದ್ದು ನಾನು," ಎಂದರು ಅತ್ತೆ. "ಇವಳು ಸರಿಯಾಗಿಯೇ ಮಾಡಿದ್ದು. ಇವಳು ಕೈ ತೊಳೆಯಲು ಬಾವಿಕಟ್ಟೆಗೆ ಹೋದಾಗ ನಾನು ಒಂದು ಚೂರು ಹಚ್ಚಿದೆ. ಕುಕ್ಕರಿಗೆ ಹಚ್ಚುದಿಲ್ವಾ, ಹಾಗೆ. ಇವಳಿಗೆ ಗೊತ್ತೇ ಇಲ್ಲ."

ಭಾವ ಅಮ್ಮನನ್ನು ನೋಡಿದರು. ಮೆಕ್ಯಾನಿಕ್ಕನ ಮುಖದಲ್ಲಿ ಮೊದಲು ನಗು ಹುಟ್ಟಿತು. ಆಮೇಲೆ ಭಾವನೂ ನಕ್ಕರು. ನಾನು ಅವರು ಹಾಗೆ ನಗುವುದನ್ನು ಅದುವರೆಗೆ ಕಂಡಿರಲಿಲ್ಲ. ಅಮ್ಮನ ಬುದ್ಧಿಗೇಡಿತನಕ್ಕೆ ಕಾರು ಮಾರುವುದು ಅವರ ನ್ಯಾಯದಲ್ಲಿ ಕೂರಲಿಲ್ಲ. ಇನ್ನು ಮುಂದೆ ನೀನು ಅಡುಗೆಮನೆ ಬಿಟ್ಟು ಹೊರಗಿನದ್ದು ಮುಟ್ಟಬೇಡ ಎಂದು ತಾಯಿಗೆ ಎಲ್ಲರೆದುರು ಬುದ್ಧಿ ಹೇಳಿದರು. ಅತ್ತೆ ಮಗುವಿನ ಹಾಗೆ ತಲೆ ಆಡಿಸಿದರು. ನಾನು ಬ್ಯಾಗಿನಿಂದ ಬರಿಗೈ ಹೊರಗೆ ತೆಗೆದೆ. ಕೀ ನನ್ನ ಬ್ಯಾಗಿನಲ್ಲೇ ಉಳಿಯಿತು.

ಮೆಕ್ಯಾನಿಕ್ ಹೊಸ ರಬ್ಬರ್ ಹಾಕಿ ಬ್ರೇಕು ಸರಿಮಾಡಿ ಕೊಟ್ಟರು. ಹಿಂದಿರುಗುವಾಗ ಭಾವ ಬಸ್ಸಿಗೆ ಹೋದರು, ನಾವಿಬ್ಬರೇ ಕಾರಿನಲ್ಲಿ. ಯಾಕೆ ಹಾಗೆ ಹೇಳಿದಿರಿ, ನಾನು ಇವತ್ತೇ ಭಾವನಿಗೆ ನಿಜ ಹೇಳಿಬಿಡುತ್ತೇನೆ ಎಂದೆ. ಅವರಿಗೆ ಸಿಟ್ಟು ಬಂತು.

"ನನ್ನನ್ನು ಹೆಡ್ಡಿ ಅಂದ್ರೆ ನನ್ನಿಂದ ತೆಗೆದುಕೊಳ್ಳಲಿಕ್ಕೆ ಯಾರಿಗೂ ಎಂತ ಇಲ್ಲ. ನಿನ್ನನ್ನು ಹೆಡ್ಡಿ ಅಂದ್ರೆ ಕೀ ತೆಗೀತಾರೆ. ಸುಮ್ಮನೆ ಓಡಿಸು."

ಸುಮ್ಮನೆ ಓಡಿಸಿದೆ. ಆ ಕಾರು ಮತ್ತೆ ಏಳು ವರ್ಷ ನಮ್ಮಲ್ಲಿತ್ತು. ಕಾರ್ಕಳದ ಆ ಮೆಕ್ಯಾನಿಕ್ಕನ ಹತ್ತಿರ ಕೂತು ನಾನು ಬ್ರೇಕಿನ ಕೆಲಸವನ್ನು ಸರಿಯಾಗಿ ಕಲಿತೆ. ಏನನ್ನು ನಾನು ಮುಟ್ಟಬಹುದು, ಏನನ್ನು ಮುಟ್ಟಬಾರದು ಎಂಬುದನ್ನೂ ಕಲಿತೆ. ಅತ್ತೆ ಎಷ್ಟು ಗೋಳಿಬಜೆ ತಿಂದರೋ, ಎಷ್ಟು ಸಂಜೆ ಸಮುದ್ರ ನೋಡಿದರೋ ಲೆಕ್ಕವಿಲ್ಲ. ಹಾಗೆಯೇ ಅವರು ಎಷ್ಟು ಸಲ ನಗೆಪಾಟಲಾದರು ಎಂಬುದಕ್ಕೂ ಲೆಕ್ಕವಿಲ್ಲ. ಮದುವೆ ಮನೆ, ಮುಂಜಿ ಮನೆ, ಎಲ್ಲಿ ಹೋದರೂ ಬ್ರೇಕಿಗೆ ತೆಂಗಿನೆಣ್ಣೆ ಹಚ್ಚಿದ ಅಜ್ಜಿ ಇವರೇ ಎಂದು ಯಾರಾದರೂ ತೋರಿಸುತ್ತಿದ್ದರು. ಒಬ್ಬರು ಅವರ ತಲೆಗೆ ಬ್ರೇಕ್ ಆಯಿಲ್ ಹಚ್ಚಲೇ ಎಂದು ಕೇಳಿದ್ದರು. ಅತ್ತೆ ಬೊಚ್ಚುಬಾಯಿ ತೆರೆದು ಎಲ್ಲರಿಗಿಂತ ಜೋರಾಗಿ ನಗುತ್ತಿದ್ದರು. ನಾನು ಅಡುಗೆಯವರ ಕಡೆಗೋ ಕೈತೊಳೆಯುವ ಕಡೆಗೋ ಎದ್ದು ಹೋಗುತ್ತಿದ್ದೆ.

ಅವರು ತೀರಿಕೊಂಡ ಹದಿಮೂರನೆಯ ದಿನದ ಊಟದಲ್ಲೂ ಆ ಕಥೆ ಬಂತು. ಹೇಳಿದವರು ಭಾವ. ಹೇಳುತ್ತ ನಕ್ಕರು, ನಗುತ್ತಲೇ ಶಾಲಿನ ತುದಿಯಿಂದ ಕಣ್ಣೊರೆಸಿಕೊಂಡರು. ನಮ್ಮ ಅಮ್ಮ ಪಾಪ, ಏನೂ ತಿಳಿಯದವರು ಎಂದರು. ಪಂಕ್ತಿಯವರೆಲ್ಲ ನಕ್ಕರು. ನಾನು ಪಾಯಸದ ಪಾತ್ರೆ ಹಿಡಿದು ಅವರೆದುರಿಗೇ ಬಗ್ಗಿದ್ದೆ. ಆಗ ಹೇಳಬಹುದಿತ್ತು, ಕಿತ್ತುಕೊಳ್ಳಲು ನನ್ನ ಹತ್ತಿರವೂ ಏನೂ ಉಳಿದಿರಲಿಲ್ಲ, ಕಾರು ಮಾರಿ ಎರಡು ವರ್ಷವಾಗಿತ್ತು. ಭಾವನ ಎಲೆಗೆ ಇನ್ನೊಂದು ಸೌಟು ಬಡಿಸಿ ಮುಂದೆ ಹೋದೆ.

ಭಾವ ಈಗಲೂ ಇದ್ದಾರೆ. ಕೈಗೆ ಸಿಕ್ಕಿದ ಕಾಗದವನ್ನೆಲ್ಲ ಕೊನೆಯ ಸಾಲಿನವರೆಗೆ ಓದುವವರು, ಇದನ್ನೂ ಓದುತ್ತಾರೆ. ಭಾವ, ನಿಮ್ಮ ಅಮ್ಮ ತಿಳಿಯದವರಲ್ಲ. ಎಣ್ಣೆ ಕೇಳಿದವಳು ನಾನು, ಹಚ್ಚಿದವಳು ನಾನು. ಇದಕ್ಕೆ ಈ ಎಣ್ಣೆ ಆಗುತ್ತದಾ ಎಂದು ಆ ಅಂಗಳದಲ್ಲಿ ಕೇಳಿದವರು ಅವರೊಬ್ಬರೇ.